ವ್ಯಾನಿಗೆ ಕಾವಲು ಹುಡುಕಿದ ಬೇಸಿಗೆ

ಹೆಮ್ಮಾಡಿಯ ಹೆದ್ದಾರಿ ಬದಿಯ ಹೋಟೆಲೊಂದರ ಹಿತ್ತಲಲ್ಲಿ ನಾನೂ ತಂಗಿಯೂ ಫ್ರೀಜರಿನ ಕಂಪ್ರೆಸರ್ ಬದಲಿಸುತ್ತಿದ್ದೆವು. ಊಟದ ಹೊತ್ತು. ಅಡುಗೆಮನೆಯಿಂದ ಮೀನು ಸಾರಿನ ಘಮ, ಒಳಗೆ ತಟ್ಟೆಗಳ ಸದ್ದು. ಹೊಸ ಕಂಪ್ರೆಸರ್ ಒಬ್ಬರಿಂದ ಎತ್ತಲಾಗುವಂಥದ್ದಲ್ಲ. ಇಬ್ಬರೂ ಸೇರಿ ಒಳಗೆ ಒಯ್ದು ಕೂರಿಸಿ, ಪೈಪು ಬೆಸೆದು ಮುಗಿಸಿದೆವು. ಇನ್ನು ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಬೇಕಿತ್ತು. ತಂಗಿ ಅದನ್ನು ತರಲು ರಸ್ತೆ ಬದಿಯಲ್ಲಿ ನಿಲ್ಲಿಸಿದ್ದ ವ್ಯಾನಿನತ್ತ ಹೋದಳು. ಹೋದವಳು ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತಳು.

"ಅಣ್ಣ, ಪಂಪ್ ನೀ ತಂದ್ ಎಲ್ಲಾದ್ರೂ ಇಟ್ಟಿದ್ಯಾ?"

"ಇಲ್ಲ ಮಾರಾಯ್ತಿ. ವ್ಯಾನಲ್ಲೇ ಇತ್ತ್ ಅಲ್ದಾ?"

"ವ್ಯಾನಲ್ಲಿ ಎಂತದೂ ಇಲ್ಲ."

ಓಡಿಹೋಗಿ ನೋಡಿದೆ. ಗಾಜು ಒಡೆದಿರಲಿಲ್ಲ, ಬೀಗ ಮುರಿದಿರಲಿಲ್ಲ. ಪಕ್ಕದ ಜಾರುಬಾಗಿಲನ್ನು ಯಾವುದೋ ತಗಡಿನ ಪಟ್ಟಿ ತೂರಿಸಿ ತೆಗೆದು, ಮತ್ತೆ ಮರ್ಯಾದೆಯಿಂದ ಮುಚ್ಚಿ ಹೋಗಿದ್ದರು. ಪಂಪ್, ಗ್ಯಾಸಿನ ಒತ್ತಡ ನೋಡುವ ಗೇಜ್ ಸೆಟ್, ಉಳಿದ ಬೆಸುಗೆ ಸಾಮಾನು, ಆ ವಾರವಷ್ಟೇ ತಂದಿದ್ದ ತಾಮ್ರದ ಪೈಪಿನ ಸುರುಳಿ ಎಲ್ಲವೂ ಹೋಗಿತ್ತು. ಪಂಪ್ ಇರುತ್ತಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಮಾತ್ರ ಉಳಿದಿತ್ತು. ಸುತ್ತ ಬಸ್ಸು, ಬೈಕು, ಜನ. ಅಷ್ಟು ಜನರ ಕಣ್ಣೆದುರೇ ನಮ್ಮ ಅನ್ನದ ಪಾತ್ರೆ ಎತ್ತಿಕೊಂಡು ಹೋಗಿದ್ದರು, ಯಾರೂ ನೋಡಿರಲಿಲ್ಲ. ಅಥವಾ ನೋಡಿಯೂ ನಮ್ಮವರೇ ಯಾರೋ ಸಾಮಾನು ಇಳಿಸುತ್ತಿದ್ದಾರೆ ಎಂದುಕೊಂಡಿದ್ದರು.

ನಾನು ಮುಂಬಯಿಯಲ್ಲಿ ಕಲಿತು ಬಂದ ಕೆಲಸ ಇದು: ಫ್ರಿಜ್, ಎ.ಸಿ., ಹಾಲು ತಂಪು ಮಾಡುವ ಟ್ಯಾಂಕು, ಮೀನಿನವರ ಶೀತಲಪೆಟ್ಟಿಗೆ. ವ್ಯಾನ್ ಓಡಿಸುವುದು ತಂಗಿ. ಮೊದಲು ಶಾಲೆ ಮಕ್ಕಳ ವ್ಯಾನ್ ಓಡಿಸುತ್ತಿದ್ದಳು, ಈಗ ಬೆಸುಗೆಯಲ್ಲಿ ನನ್ನಷ್ಟೇ ಪಳಗಿದ್ದಾಳೆ. ಬೈಂದೂರಿನಿಂದ ಬ್ರಹ್ಮಾವರದ ತನಕ ನಮ್ಮ ತಿರುಗಾಟ. ಅಂಗಡಿ ಅಂತ ಬೇರೆ ಇಲ್ಲ, ಆ ವ್ಯಾನೇ ಅಂಗಡಿ.

ಠಾಣೆಯಲ್ಲಿ ದೂರು ಬರೆದುಕೊಂಡ ಮಹಿಳಾ ಪೊಲೀಸರು ತಾಳ್ಮೆಯಿಂದಲೇ ಕೇಳಿದರು: "ಪಂಪಿಗೆ ಗುರ್ತ್ ಎಂತ ಇತ್ತ್?"

"ನೀಲಿ ಬಣ್ಣ," ಅಂದೆ.

"ಕಂಪ್ನಿ ನಂಬರ್ ಬರ್ಕಂಡಿದ್ರ್ಯಾ? ಫೋಟೋ?"

ಎರಡೂ ಇರಲಿಲ್ಲ. ಅವರು ಪೆನ್ನು ಕೆಳಗಿಟ್ಟು, "ನಾಳೆ ಎಲ್ಲಾದ್ರೂ ಒಂದ್ ನೀಲಿ ಪಂಪ್ ಸಿಕ್ರೂ ಅದ್ ನಿಮ್ದೇ ಅಂತ ಹ್ಯಾಂಗ್ ಹೇಳ್ತ್ರಿ?" ಎಂದರು. ಬೈದದ್ದಲ್ಲ, ನಿಜವಾಗಿ ಕೇಳಿದ್ದು.

ಹೋಟೆಲಿನ ಕೆಲಸ ಅರ್ಧಕ್ಕೆ ನಿಂತಿತ್ತು. ಒಳಗೆ ಅವರ ಮೀನು ಕೊಳೆಯುವ ಮೊದಲು ಪಂಪ್ ಬೇಕಿತ್ತು. ಬ್ರಹ್ಮಾವರದಲ್ಲಿ ಇದೇ ಕೆಲಸದ ಇನ್ನೊಬ್ಬ ಮೆಕ್ಯಾನಿಕ್ ಇದ್ದಾರೆ. ನಮಗೂ ಅವರಿಗೂ ಅಷ್ಟಕ್ಕಷ್ಟೇ. ಒಂದೇ ಗಿರಾಕಿಗೆ ಇಬ್ಬರೂ ಫೋನು ಮಾಡುವವರು, ದಾರಿಯಲ್ಲಿ ಸಿಕ್ಕರೆ ಹಾರನ್ನೂ ಹೊಡೆಯದವರು. ಬೇರೆ ದಾರಿ ಕಾಣದೆ ಅವರಿಗೇ ಫೋನು ಮಾಡಿದೆ. ಕೇಳಿ ಮುಗಿಸುವ ಮೊದಲೇ ಅವರೆಂದರು: "ನಂದ್ ಎರಡ್ ಪಂಪ್ ಇತ್ತ್. ಒಂದ್ ನೀವ್ ತಕಂಡ್ ಹೋಯ್ನಿ. ನಿಮ್ಗ್ ಹೊಸ್ತ್ ಆಪಲ್ಲಿವರಿಗೆ ಇಟ್ಕಣಿ." ಆಮೇಲೆ ಸೇರಿಸಿದರು: "ಕಳ್ದ್ ವರ್ಷ ನಂದೂ ಹೋಯಿತ್ತ್ ಮಾರಾಯ್ರೆ. ಯಾರತ್ರೂ ಹೇಳ್ಲಿಲ್ಲ. ಹೇಳಿ ಎಂತ ಪ್ರಯೋಜನ ಅಂದೇಳಿ."

ಆ ಪಂಪಿನಿಂದ ಹೋಟೆಲಿನ ಕೆಲಸ ಮುಗಿಸಿದೆವು. ಆದರೆ ಇನ್ನೊಬ್ಬರ ಪಂಪ್ ವ್ಯಾನಿಗೆ ಬಂದ ಮೇಲೆ ನನಗೆ ನೆಮ್ಮದಿ ಹೋಯಿತು. ನಮ್ಮದು ಕಳೆದರೆ ನಮ್ಮ ಹಣೆಬರಹ. ನಂಬಿ ಕೊಟ್ಟವರದ್ದು ಕಳೆದರೆ ಮುಖ ತೋರಿಸುವುದು ಹೇಗೆ? ಕುಂದಾಪುರದ ಗ್ರಿಲ್ ಅಂಗಡಿಯವರ ಹತ್ತಿರ ವ್ಯಾನ್ ನಿಲ್ಲಿಸಿದೆವು. ಅವರು ಸೀಟಿನ ಹಿಂದಿನಿಂದ ಡಿಕ್ಕಿಯ ತನಕ ಅಳತೆ ತೆಗೆದು, ಚೌಕ ಸರಳಿನ ಒಂದು ಪಂಜರ ಮಾಡಿ, ವ್ಯಾನಿನ ನೆಲಕ್ಕೆ ಬೋಲ್ಟು ಹಾಕಿ ಬಿಗಿದರು. ಅದಕ್ಕೊಂದು ಬಾಗಿಲು. ಬೀಗದ ಸುತ್ತ ದಪ್ಪ ತಗಡಿನ ಗೂಡು. ಗರಗಸದ ಬ್ಲೇಡು ಒಳಗೆ ಹೋಗದ ಹಾಗೆ.

"ಈ ಅಕ್ಷರ ಎಲ್ಲ ತೆಗೀನಿ," ಎಂದು ವ್ಯಾನಿನ ಮೈಮೇಲಿದ್ದ ನಮ್ಮ ಹೆಸರು, ಫೋನು ನಂಬರು ತೋರಿಸಿದರು. "ಒಳ್ಗ್ ಸಾಮಾನ್ ಇತ್ತ್ ಅಂತ ನೀವೇ ಕಳ್ಳರಿಗೆ ಕಾಗ್ದ ಕೊಟ್ಟಂಗೆ."

ಅದೂ ಸರಿ ಎನಿಸಿತು. ಅಕ್ಷರ ಕೆರೆದು ತೆಗೆದೆವು. ಕಿಟಕಿಗಳಿಗೆ ಕಪ್ಪು ಪರದೆ ಬಂತು. ಸೀಟಿನಡಿ ಒಂದು ಗುಪ್ತ ಸ್ವಿಚ್. ಅದನ್ನು ಒತ್ತದೆ ವ್ಯಾನ್ ಸ್ಟಾರ್ಟ್ ಆಗುವುದಿಲ್ಲ. ಮೇಲೊಂದು ಅಲಾರಂ, ಮೈ ಅಲುಗಿದರೆ ಕಿರುಚುವಂಥದ್ದು.

ಅಲಾರಮ್ಮಿನ ಆಯುಷ್ಯ ಬ್ರಹ್ಮಾವರದ ಕಲ್ಯಾಣಮಂಟಪದಲ್ಲೇ ಮುಗಿಯಿತು. ಐಸ್‌ಕ್ರೀಮಿನ ಡೀಪ್ ಫ್ರೀಜರ್ ಕೈಕೊಟ್ಟಿತ್ತು ಎಂದು ಹೋಗಿದ್ದೆವು. ವ್ಯಾನನ್ನು ವಾಲಗದವರು ಕೂತ ಜಾಗದ ಗೋಡೆಯಾಚೆಗೇ ನಿಲ್ಲಿಸಿದ್ದೆವು. ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಶುರುವಾಯಿತು, ಡೋಲಿನ ಪೆಟ್ಟಿಗೆ ವ್ಯಾನ್ ಕಂಪಿಸಿತು, ಅಲಾರಂ ಹೊಡೆದುಕೊಳ್ಳತೊಡಗಿತು. ಗಟ್ಟಿಮೇಳ ನಿಂತರೂ ಅದು ನಿಲ್ಲಲಿಲ್ಲ. ಮದುಮಗಳ ಸೋದರಮಾವ ಶಲ್ಯ ಹೆಗಲಿಗೇರಿಸಿಕೊಂಡು ಓಡಿಬಂದರು.

"ಹ್ವಾಯ್! ಅದ್ರ ಬಾಯಿ ಮುಚ್ಚಿ ಮಾರಾಯ್ರೆ! ಭಟ್ರ ಮಂತ್ರವೇ ಕೇಂತಿಲ್ಲ!"

ತಂಗಿ ನಗು ತಡೆಯಲಾರದೆ, ಬಾನೆಟ್ ಎತ್ತಿ ವಯರನ್ನೇ ಕಿತ್ತಳು. ಮತ್ತೆ ಜೋಡಿಸಲಿಲ್ಲ.

ನಗು ತರಿಸದ ಪಾಠ ಆದದ್ದು ವಂಡ್ಸೆ ಕಡೆಯ ಒಂದು ಹಾಲಿನ ಡೈರಿಯಲ್ಲಿ. ಕಾರ್ಯದರ್ಶಿಯವರ ಫೋನು ಬಂದಾಗಲೇ ಅವರ ದನಿ ಏರಿತ್ತು. ಬೆಳಗಿನ ಹಾಲು ಪೂರ್ತಿ ಟ್ಯಾಂಕಿನಲ್ಲಿದೆ, ತಂಪು ಮಾಡುವ ಯಂತ್ರ ಓಡುತ್ತಿದೆ, ಆದರೆ ಹಾಲು ತಂಪಾಗುತ್ತಿಲ್ಲ. ಸಂಜೆಯ ಹಾಲು ಬರುವ ಮೊದಲು ಸರಿಯಾಗಬೇಕು. ಇಲ್ಲವಾದರೆ ಊರಿನ ಅಷ್ಟೂ ಮನೆಗಳ ಹಾಲು ಚರಂಡಿಗೆ.

ಹೋಗಿ ಸೋಪಿನ ನೊರೆ ಹಚ್ಚಿ ನೋಡಿದೆ. ಕಂಪ್ರೆಸರಿನ ಪಕ್ಕದ ತಾಮ್ರದ ಪೈಪು ನಡುಗಿ ನಡುಗಿ ಬಿರುಕು ಬಿಟ್ಟಿತ್ತು, ಅಲ್ಲಿ ನೊರೆ ಗುಳ್ಳೆ ಗುಳ್ಳೆಯಾಗಿ ಉಬ್ಬಿತು. ಗ್ಯಾಸೆಲ್ಲ ಅಲ್ಲೇ ಹೋಗಿತ್ತು. ಕಠಿಣ ಕೆಲಸವೇನಲ್ಲ: ಆ ತುಂಡು ಕತ್ತರಿಸಿ, ಹೊಸದು ಬೆಸೆದು, ಪಂಪಿನಿಂದ ಗಾಳಿ ಎಳೆದು, ಗ್ಯಾಸ್ ತುಂಬುವುದು. ಸಾಮಾನು ತರಲು ವ್ಯಾನಿಗೆ ಹೋಗಿ, ಪಂಜರದ ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದೆ. ಅರ್ಧ ತಿರುಗಿತು. ಇನ್ನೂ ಸ್ವಲ್ಪ ಒತ್ತಿದೆ. ಕೀಲಿಯ ತಲೆ ನನ್ನ ಕೈಯಲ್ಲಿ ಉಳಿಯಿತು, ಉಳಿದದ್ದು ಬೀಗದೊಳಗೆ.

ಗಂಗೊಳ್ಳಿ ಬಂದರಿನ ಮೀನಿನ ಕೆಲಸಕ್ಕೆ ವಾರವಾರವೂ ಹೋಗುತ್ತಿದ್ದೆವು. ಕಡಲಿನ ಉಪ್ಪುಗಾಳಿ ಬೀಗದ ಹೊಟ್ಟೆಗಿಳಿದು ತುಕ್ಕಾಗಿತ್ತು. ತಗಡಿನ ಗೂಡು ಇದ್ದುದರಿಂದ ಅದಕ್ಕೆ ಎಣ್ಣೆ ಬಿಡುವುದೂ ಕಷ್ಟ ಎಂದು ಬಿಟ್ಟಿದ್ದೆವು.

"ಗರಗಸ ಕೊಡ್ಲ್ಯಾ?" ಎಂದರು ಕಾರ್ಯದರ್ಶಿ.

ಗರಗಸ ಆ ಗೂಡಿನೊಳಗೆ ಹೋಗುವುದಿಲ್ಲ. ಹೋಗಬಾರದು ಎಂದೇ ನಾವು ಮಾಡಿಸಿದ್ದು. ಕತ್ತರಿಸುವ ಗ್ರೈಂಡರ್ ಇದೆ, ಅದು ಪಂಜರದ ಒಳಗಿದೆ. ಸುತ್ತಿಗೆ ಇದೆ, ಅದೂ ಒಳಗೆ. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಒಬ್ಬೊಬ್ಬರೇ ಹೆಂಗಸರು ಕ್ಯಾನು ಹಿಡಿದು ಬಂದು ಜಗಲಿಯಲ್ಲಿ ನಿಂತರು. ಟ್ಯಾಂಕಿನ ಮೇಲಿನ ಅಂಕಿ ನೋಡನೋಡುತ್ತಲೇ ಏರುತ್ತಿತ್ತು. ಕ್ಯಾನು ಇಳಿಸಿದ ಅಜ್ಜಿಯೊಬ್ಬರು ನನ್ನನ್ನೂ ಪಂಜರವನ್ನೂ ನೋಡಿ, "ಅಯ್ಯೋ ಮಗಾ, ಕಳ್ಳರ ಬಾಯಿಗ್ ಹಾಕೂ ಬೀಗ ನಿನ್ನ್ ಬಾಯಿಗೇ ಬಿತ್ತಲೆ!" ಅಂದರು. ಯಾರೂ ನಗಲಿಲ್ಲ. ಅವರ ಹಾಲೂ ಆ ಟ್ಯಾಂಕಿನಲ್ಲಿತ್ತು.

ನಾನು ಬೀಗದೊಳಗೆ ಉಳಿದ ಕೀಲಿಯ ತುಂಡನ್ನು ಉಗುರಿನಿಂದ ಎಳೆಯಲು ನೋಡುತ್ತಿದ್ದೆ. ತಂಗಿ ಮಾತ್ರ ಪಂಜರದ ಸರಳುಗಳನ್ನೇ ನೋಡುತ್ತ ನಿಂತಿದ್ದಳು.

"ಅಣ್ಣ, ಜಾಕ್ ಎಲ್ಲಿತ್ತ್?"

ಟಯರ್ ಬದಲಿಸುವ ಜಾಕ್ ಮುಂದಿನ ಸೀಟಿನಡಿ, ಪಂಜರದ ಹೊರಗೇ ಇತ್ತು. ಅವಳು ಅದನ್ನು ಎರಡು ಸರಳಿನ ನಡುವೆ ಅಡ್ಡ ಇಟ್ಟು, ಹಿಡಿ ತಿರುಗಿಸತೊಡಗಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಸರಳು ಕಿರ್ರೆಂದು ಎರಡೂ ಕಡೆ ಬಾಗಿತು. ಒಂದು ತಲೆ, ಒಂದು ಭುಜ ತೂರುವಷ್ಟು ಜಾಗ ಆಗುತ್ತಲೇ ಅವಳು ಸೊಂಟದವರೆಗೆ ಒಳಗೆ ನುಗ್ಗಿದಳು. ಒಳಗಿನ ಸ್ಪ್ಯಾನರ್ ತೆಗೆದುಕೊಂಡು, ಬಾಗಿಲಿನ ತಿರುಗಣಿಯ ನಟ್ಟುಗಳನ್ನು ಒಳಗಿನಿಂದಲೇ ಬಿಚ್ಚಿದಳು. ಬೀಗ ಹಾಕಿದಂತೆಯೇ ಇತ್ತು, ಬಾಗಿಲು ಇನ್ನೊಂದು ಬದಿಯಿಂದ ಕಳಚಿ ನನ್ನ ಕೈಗೆ ಬಂತು. ಜಗಲಿಯಲ್ಲಿದ್ದವರು ಹೋ ಎಂದರು.

ಅವಳು ಪೈಪು ಕತ್ತರಿಸಿದಳು, ನಾನು ಬೆಸೆದೆ. ಬಿಸಿ ಆರಿದ ಮೇಲೆ ಮತ್ತೆ ನೊರೆ ಹಚ್ಚಿದೆವು, ಗುಳ್ಳೆ ಇಲ್ಲ. ಪಂಪ್ ಹಚ್ಚಿ ಗೇಜಿನ ಮುಳ್ಳು ಕೆಳಗಿಳಿಯುವುದನ್ನು ಕಾದೆವು. ಇಲ್ಲಿ ಅವಸರ ಮಾಡಿದರೆ ಒಳಗೆ ತೇವ ಉಳಿದು ಕೆಲಸವೆಲ್ಲ ನೀರಿನಲ್ಲಿ ಹೋಮ. ಕಾರ್ಯದರ್ಶಿ ಎರಡೆರಡು ಸಲ ಬಂದು, "ಇನ್ನೂ ಎಷ್ಟೊತ್ತ್?" ಎಂದು ಕೇಳಿದರು. "ಮುಳ್ಳ್ ನಿಲ್ಕ್," ಎಂದಷ್ಟೇ ಹೇಳಿದೆ. ಮುಳ್ಳು ನಿಂತಿತು. ಗ್ಯಾಸ್ ತುಂಬಿ ಸ್ವಿಚ್ ಹಾಕಿದೆ. ಸ್ವಲ್ಪ ಹೊತ್ತಿಗೆ ಪೈಪಿನ ಮೇಲೆ ಬೆವರು ಕಟ್ಟಿತು. ಟ್ಯಾಂಕಿನ ಅಂಕಿ ಏರುವುದು ನಿಂತಿತು, ಆಮೇಲೆ ಇಳಿಯಿತು. ಹಾಲಿನ ಮಾದರಿ ಪರೀಕ್ಷೆ ಮಾಡಿ, ಕೆಟ್ಟಿಲ್ಲವೆಂದು ಖಾತ್ರಿಯಾದ ಮೇಲೆ ಕಾರ್ಯದರ್ಶಿ ಜಗಲಿಗೆ ಬಂದು, "ಹ್ವಾಯ್, ಕ್ಯಾನ್ ತನ್ನಿ!" ಎಂದು ಕೂಗಿದರು. ಅಜ್ಜಿ ಎಲ್ಲರಿಗಿಂತ ಮೊದಲು ಎದ್ದರು.

ಹಿಂತಿರುಗುವ ದಾರಿಯಲ್ಲಿ ಕಳಚಿದ ಬಾಗಿಲು ಹಿಂದೆ ಗಡಗಡ ಸದ್ದು ಮಾಡುತ್ತಿತ್ತು. ಸ್ಟೇರಿಂಗ್ ಹಿಡಿದಿದ್ದ ತಂಗಿ ಅಂದಳು:

"ನಂಗೆ ತೆಗುಕ್ ಆಯ್ತ್ ಅಂದ್ರೆ ಕಳ್ಳನಿಗೂ ಆತ್ತ್."

"ಹೌದ್. ಇನ್ನೂ ದಪ್ಪ ಸರಳ್ ಹಾಕ್ಸುವ."

"ಅದ್ಕೂ ದೊಡ್ಡ ಜಾಕ್ ಇರತ್ತ್ ಅಣ್ಣ. ನಾ ಜಾಕ್ ತಿರ್ಗ್ಸುವಾಗ ಅಷ್ಟ್ ಜನ ಕಾಣ್ತಾ ಇದ್ರ್. ಹೆಮ್ಮಾಡಿಯಲ್ಲೂ ಜನ ಇದ್ರ್. ಅಲ್ಲಿಯವ್ರಿಗೆ ನಮ್ಮ್ ಗುರ್ತ ಇರ್ಲಿಲ್ಲ, ಅಷ್ಟೇ."

ಅವಳು ಹೇಳಿದ್ದು ನನ್ನ ತಲೆಯಲ್ಲಿ ತಿರುಗುತ್ತಲೇ ಇತ್ತು. ಬೀಗ ಕಳ್ಳನನ್ನು ತಡೆಯುವುದಿಲ್ಲ, ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ 'ಯಾರದು?' ಎಂದು ಕೇಳುವ ಒಬ್ಬರು ಹತ್ತಿರ ಇರಬೇಕು. ನಾವು ಮಾಡಿದ್ದೇನು? ಹೆಸರು ಅಳಿಸಿ, ಪರದೆ ಎಳೆದು, ಯಾರದ್ದೆಂದೇ ತಿಳಿಯದ ಬಿಳಿ ವ್ಯಾನ್ ಮಾಡಿದ್ದೆವು. ಅದರ ಬಾಗಿಲು ಯಾರು ತೆಗೆದರೂ ಕೇಳುವವರಿಲ್ಲ. ಆ ದಿನ ಮನೆ ಮುಟ್ಟುವ ಮೊದಲೇ ನಿರ್ಧಾರ ಮಾಡಿದೆವು: ಇನ್ನು ಬಚ್ಚಿಡುವುದು ಬೇಡ, ಗುರುತು ಮಾಡಿಕೊಳ್ಳುವುದು.

ಪಂಜರವನ್ನು ಬಿಡಲಿಲ್ಲ. ಗ್ರಿಲ್ ಅಂಗಡಿಯವರು ಬಾಗಿದ ಸರಳನ್ನು ನೋಡಿ ತಲೆ ಕೆರೆದುಕೊಂಡು, ಜಾಕ್ ಇಡಲು ಜಾಗ ಸಿಗದಂತೆ ಅಡ್ಡಪಟ್ಟಿಗಳನ್ನು ಬೆಸೆದರು. ತಿರುಗಣಿಯ ನಟ್ಟುಗಳಿಗೂ ಬೆಸುಗೆ ಬಿತ್ತು. ಕಬ್ಬಿಣದ ಬೀಗದ ಬದಲು ಹಿತ್ತಾಳೆಯದ್ದು. ಗೂಡಿನ ಮೇಲೆ ಎಣ್ಣೆ ಬಿಡಲು ಒಂದು ಸಣ್ಣ ತೂತು. ಇನ್ನೊಂದು ಕೀಲಿ ಯಾವಾಗಲೂ ತಂಗಿಯ ಕೊರಳ ದಾರದಲ್ಲಿ. ಪರದೆ ತೆಗೆದೆವು. ವ್ಯಾನಿನ ನಾಲ್ಕೂ ಬದಿಗೆ ದೊಡ್ಡ ಕೆಂಪು ಅಕ್ಷರದಲ್ಲಿ ಹೆಸರು ಬರೆಸಿದೆವು. ಎರವಲು ತಂದ ಪಂಪನ್ನು ಬ್ರಹ್ಮಾವರಕ್ಕೆ ಒಪ್ಪಿಸಿ ಹೊಸದು ತಂದ ದಿನವೇ, ಒಂದೊಂದು ಸಾಮಾನಿಗೂ ಉಕ್ಕಿನ ಅಕ್ಷರದ ಅಚ್ಚಿನಿಂದ ನಮ್ಮ ಗುರುತು ಹೊಡೆದು, ಕಂಪನಿ ನಂಬರು ಕಾಣುವಂತೆ ಫೋಟೋ ತೆಗೆದಿಟ್ಟೆ. ಅದನ್ನು ನೋಡಿದ ಬ್ರಹ್ಮಾವರದ ಮೆಕ್ಯಾನಿಕ್ ಅಚ್ಚು ಇಸಿದುಕೊಂಡು ತಮ್ಮದಕ್ಕೂ ತಮ್ಮ ಹೆಸರು ಹೊಡೆದರು. ಅವರಿಂದ ಅದು ಟೈಲ್ಸ್ ಹಾಕುವವರಿಗೆ, ಅಲ್ಲಿಂದ ಪ್ಲಂಬರಿಗೆ, ಬೈಂದೂರಿನ ಬಡಗಿಗೆ ಹೋಯಿತು. ಎಲ್ಲರ ಬಾಯಲ್ಲೂ ಅದೇ ಮಾತು: ನಂದೂ ಹೋಯಿತ್ತ್, ಯಾರತ್ರೂ ಹೇಳಿರ್ಲಿಲ್ಲ. ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡೆವು. ಯಾರದ್ದು ಕಳೆದರೂ ಆ ಕ್ಷಣವೇ ಫೋಟೋ ಸಮೇತ ಎಲ್ಲರಿಗೂ, ಗುಜರಿ ಅಂಗಡಿಯವರಿಗೂ ತಿಳಿಯಬೇಕು.

ಮತ್ತೊಂದು ಕ್ರಮ ತಂಗಿ ಮಾಡಿದ್ದು. ಎಲ್ಲಿ ನಿಲ್ಲಿಸಿದರೂ ಜಾರುಬಾಗಿಲು ಗೋಡೆ ಕಡೆಗಿರಬೇಕು, ಮತ್ತೆ ಹತ್ತಿರದ ಒಬ್ಬರಿಗೆ ಮುಖ ತೋರಿಸಿ ಹೇಳಿಯೇ ಹೋಗಬೇಕು. ಮೊದಮೊದಲು ನನಗೆ ನಾಚಿಕೆ. ಯಾರನ್ನಾದರೂ ನಿಲ್ಲಿಸಿ 'ನಮ್ಮ ವ್ಯಾನ್ ನೋಡಿಕೊಳ್ಳಿ' ಎನ್ನುವುದು ಹೇಗೆ? ಅವಳಿಗೆ ಅದೆಲ್ಲ ಇಲ್ಲ.

ತೆಕ್ಕಟ್ಟೆಯಲ್ಲಿ ಒಂದು ಕಟ್ಟಡದ ತಾರಸಿಯಲ್ಲಿ ಎ.ಸಿ. ಕೆಲಸ ಇತ್ತು. ಕೆಳಗೆ ಗೋಡೆಗೆ ತಾಗಿಸಿ ವ್ಯಾನ್ ನಿಲ್ಲಿಸಲು ಜಾಗ ಸಾಲಲಿಲ್ಲ. ಬಾಗಿಲು ರಸ್ತೆಗೇ ಬಂತು. ಪಕ್ಕದಲ್ಲಿ ಕೊಡೆ ಬಿಡಿಸಿಕೊಂಡು ಮೀನು ಮಾರುವ ಹೆಂಗಸೊಬ್ಬರು ಕೂತಿದ್ದರು. ತಂಗಿ ಅವರೆದುರು ಕುಕ್ಕರುಗಾಲಲ್ಲಿ ಕೂತಳು.

"ಅಕ್ಕಾ, ನಾವ್ ಇಬ್ರೇ, ನಾನೂ ನನ್ನ್ ಅಣ್ಣನೂ. ಮೇಲ್ ಕೆಲ್ಸ ಇತ್ತ್. ವ್ಯಾನ್ ಕಡೆ ಒಂದ್ ಕಣ್ಣ್ ಇಟ್ಕಣಿ, ಆಯ್ತಾ?"

"ನೀ ಹೋಗ್ ಹೆಣ್ಣೇ. ನಾ ಎಲ್ಲಿಗ್ ಹೋಪ್ದ್? ಬಂಗ್ಡೆ ಖಾಲಿ ಆಪಲ್ಲಿವರಿಗೆ ಇಲ್ಲೇ ಇರ್ತೆ."

ನಾವು ಮೇಲೆ ಹೋದೆವು. ಮುಂದಿನದ್ದನ್ನು ಆ ಅಕ್ಕನ ಬಾಯಿಂದ ಕೇಳಿದ್ದು. ಗಿರಾಕಿಯೊಬ್ಬರಿಗೆ ಮೀನು ಕೊಯ್ದು ಕೊಟ್ಟು ತಲೆ ಎತ್ತುವಾಗ ವ್ಯಾನಿನ ಬಾಗಿಲು ತೆರೆದಿತ್ತು. ಒಬ್ಬ ಒಳಗೆ ಬಗ್ಗಿ ಪಂಜರದ ಜೊತೆ ಗುದ್ದಾಡುತ್ತಿದ್ದ. ಪಕ್ಕದಲ್ಲಿ ಅವನ ಬೈಕು, ಅದರಲ್ಲೇ ಕೀಲಿ. ಅಕ್ಕ ಎದ್ದು ಹೋಗಿ ಮೊದಲು ಮಾಡಿದ ಕೆಲಸ, ಬೈಕಿನ ಕೀಲಿ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು. ಆಮೇಲೆ ಕೇಳಿದರು:

"ಹ್ವಾಯ್, ಎಂತ ಮಾಡ್ತಿದ್ರಿ?"

ಅವನು ಬೆಚ್ಚದೆ, "ಮೇಲ್ ಕೆಲ್ಸದವ್ರ್ ಪಂಪ್ ತಕಂಡ್ ಬಾ ಅಂದ್ರ್," ಎಂದನಂತೆ.

"ಹೌದಾ? ಯಾರ್ ಹೇಳ್ರ್? ಅಣ್ಣನಾ, ತಮ್ಮನಾ?"

"ತಮ್ಮ."

ಅಷ್ಟು ಸಾಕಾಯಿತು. ಅಕ್ಕನ ಕೂಗು ತಾರಸಿಗೆ ಕೇಳಿತು. ಅದು ಹೆದ್ದಾರಿಯ ಲಾರಿ ಸದ್ದನ್ನೂ ಸೀಳಿಕೊಂಡು ಬರುವ ದನಿ. ನಾವು ಮೆಟ್ಟಿಲು ಹಾರಿ ಇಳಿಯುವಾಗ ಅವನು ಬೈಕಿನ ಬಳಿ ಕೀಲಿ ಹುಡುಕಿ, ಸಿಗದೆ, ಗದ್ದೆಯ ಕಡೆ ಓಡಿದ್ದ. ಪಂಜರದ ಪಟ್ಟಿಗೆ ಸನ್ನೆಕೋಲು ಹಾಕಿ ಮೀಟಿದ ಗಾಯ ಇತ್ತು. ಒಳಗಿನ ಒಂದು ಸಾಮಾನೂ ಅಲುಗಿರಲಿಲ್ಲ.

"ಅವ್ನ್ ನೂಕಿದ್ರೆ ಎಂತ ಮಾಡ್ತಿದ್ರಿ ಅಕ್ಕ?" ಎಂದು ನಾನು ಕೇಳಿದೆ.

"ಕೈಯಲ್ಲಿ ಮೀನ್ ಕೊಯ್ಯೂ ಕತ್ತಿ ಇತ್ತಲೆ ಮಗಾ," ಎಂದು ಅಕ್ಕ ಮಂಜುಗಡ್ಡೆಯ ನೀರಿನಲ್ಲಿ ಕೈ ತೊಳೆದುಕೊಂಡರು. "ಅವ್ನ್ ಅದ್ನ್ ಕಂಡಿದ್ದ."

ಬೈಕಿನ ಜಾಡು ಹಿಡಿದ ಪೊಲೀಸರಿಗೆ ಬಾಡಿಗೆಗೆ ಹಿಡಿದ ಒಂದು ಶೆಡ್ ಸಿಕ್ಕಿತು. ಅಲ್ಲಿ ಡ್ರಿಲ್, ಗ್ರೈಂಡರ್, ಪಂಪುಗಳ ರಾಶಿ. ಗುಂಪಿನವರನ್ನೆಲ್ಲ ಕರೆಸಿದರು. ಅಚ್ಚು ಹೊಡೆದ ಮೇಲೆ ಕಳೆದುಕೊಂಡಿದ್ದ ಬೈಂದೂರಿನ ಬಡಗಿ ತಮ್ಮ ಡ್ರಿಲ್ಲಿನ ಹೊಟ್ಟೆ ತಿರುಗಿಸಿ ಅಚ್ಚಿನ ಗುರುತು ತೋರಿಸಿದಾಗ ಅವರ ಮುಖ ನೋಡಬೇಕಿತ್ತು. ಕಳೆದುಹೋದ ಮಗು ಸಿಕ್ಕಿದಂತೆ ಎದೆಗೆ ಅವಚಿಕೊಂಡಿದ್ದರು. ನಮ್ಮದು ಅಲ್ಲಿ ಇರಲಿಲ್ಲ. ತಾಮ್ರ ಎಂದೋ ಕರಗಿರಬೇಕು. ನನಗೆ ಬೇಸರ ಆಗಲಿಲ್ಲ ಎಂದರೆ ಸುಳ್ಳು. ಆದರೆ ಬ್ರಹ್ಮಾವರದ ಮೆಕ್ಯಾನಿಕ್ ಠಾಣೆಯ ಹೊರಗೆ ಹೆಗಲಿಗೆ ಕೈ ಹಾಕಿ, "ಬನ್ನಿ, ಚಾ ಕುಡಿವ," ಎಂದಾಗ ಆ ಬೇಸರ ಅಷ್ಟೇನೂ ಉಳಿಯಲಿಲ್ಲ. ಈಗ ದೊಡ್ಡ ಕೆಲಸ ಸಿಕ್ಕರೆ ಇಬ್ಬರೂ ಸೇರಿ ಮಾಡುತ್ತೇವೆ.

ಮಳೆಗಾಲ ಹಿಡಿಯುವ ಮೊದಲು ಬೈಂದೂರಿಗೆ ಹೋಗಿದ್ದೆವು. ಕೆಲಸ ಮುಗಿಸಿ ಹೊರಡುವಾಗ, ರಸ್ತೆ ಬದಿಯಲ್ಲಿ ನಿಂತಿದ್ದ ಬೇರೆ ಯಾರದ್ದೋ ವ್ಯಾನಿನ ಹಿಂಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಸಂದಿಯಿಂದ ವಯರಿನ ಸುರುಳಿ, ಏಣಿಯ ತುದಿ ಕಾಣುತ್ತಿತ್ತು. ಗುಂಪಿನವರದ್ದಲ್ಲ, ಗುರುತಿನದ್ದಲ್ಲ. ಸುತ್ತ ಯಾರೂ ಇರಲಿಲ್ಲ.

"ನಿಲ್ಸ್," ಅಂದೆ.

ತಂಗಿ ನಿಲ್ಲಿಸಿದಳು. ನಾನು ಇಳಿದು ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಬಿಸಿಲು ಜೋರಿತ್ತು, ಕಡಲ ಕಡೆಯಿಂದ ಮೋಡ ಏರುತ್ತಿತ್ತು. ಸುಮಾರು ಹೊತ್ತಿನ ಮೇಲೆ ಎದುರಿನ ಹೊಸ ಮನೆಯಿಂದ ಒಬ್ಬರು ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದು ದಡಬಡ ಓಡಿಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಗದರಿದರು:

"ಹ್ವಾಯ್, ಯಾರ್ ನೀವ್? ನನ್ನ್ ವ್ಯಾನಿನತ್ರ ಎಂತ ಮಾಡ್ತಿದ್ರಿ?"

ನನಗೆ ಎಲ್ಲಿಲ್ಲದ ಖುಷಿಯಾಯಿತು. ಸ್ಟೇರಿಂಗಿನ ಮೇಲೆ ತಲೆಯಿಟ್ಟು ತಂಗಿ ನಗುತ್ತಿದ್ದಳು.

"ಬಾಗ್ಲ್ ಬಿದ್ದಿರ್ಲಿಲ್ಲ," ಅಂದೆ, "ನೀವ್ ಬಪ್ಪಲ್ಲಿವರಿಗೆ ನಿಂತ್ಕಂಡಿದ್ದೆ."